ನೆಲದೊಳಗಿನ ಕಂಬಗಳ ಪರೀಕ್ಷೆ



ಕಟ್ಟಡದ ಗೋಡೆಗಳನ್ನು ನಾವು ಕಣ್ಣಾರೆ ಕಾಣುತ್ತೇವೆ. ಅದರ ಭಾರವನ್ನು ನೆಲದಾಳದಲ್ಲಿ ಹೊರುವ ಕಾಂಕ್ರೀಟು ಕಂಬಗಳನ್ನು, ಅಂದರೆ ಪೈಲುಗಳನ್ನು, ಕಾಣಲಾರೆವು. ಆದುದರಿಂದಲೇ ಅವನ್ನು ಪರೀಕ್ಷಿಸಬೇಕು. ಪೈಲಿನ ತಲೆಯನ್ನು ಸುತ್ತಿಗೆಯಿಂದ ತಟ್ಟಿದರೆ, ಕಂಪನವು ಸೆಕೆಂಡಿಗೆ ಸುಮಾರು 4000 ಮೀಟರ್ ವೇಗದಲ್ಲಿ ಇಳಿದು, ಬುಡ ಮುಟ್ಟಿ ಮರಳುತ್ತದೆ. 20 ಮೀಟರ್ ಪೈಲಿನಲ್ಲಿ ಇದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ ಹಿಡಿಯುತ್ತದೆ. ಮೊದಲೇ ಮರಳಿದರೆ ಬಿರುಕನ್ನೋ ಆಳದ ಕೊರತೆಯನ್ನೋ ಶಂಕಿಸಬೇಕು.

ಆದರೆ ಹೊರುವ ಶಕ್ತಿಯನ್ನು ಈ ಸದ್ದು ತಿಳಿಸದು. ಅದಕ್ಕಾಗಿ ಆಯ್ದ ಪೈಲುಗಳ ಮೇಲೆ, ಭಾರತೀಯ ಮಾನಕದಂತೆ, ನಿಯಮಿತ ಭಾರದ ಒಂದೂವರೆ ಪಟ್ಟು ಹೇರಿ ಕುಸಿತವನ್ನು ಅಳೆಯುತ್ತೇವೆ.

ಹಾಂಗ್‌ಕಾಂಗಿನ ಶಾಟಿನ್ ಎಂಬಲ್ಲಿ ಮೂವತ್ತಕ್ಕೂ ಹೆಚ್ಚು ಮಹಡಿ ಏರಿದ್ದ ಎರಡು ವಸತಿ ಕಟ್ಟಡಗಳ ಹಲವು ಪೈಲುಗಳು ನಿಗದಿತ ಆಳ ಮುಟ್ಟಿರಲಿಲ್ಲ. ಅವನ್ನು ಕೆಡವಲು 2000ದಲ್ಲಿ ನಿರ್ಧರಿಸಬೇಕಾಯಿತು. ಪರೀಕ್ಷೆಯನ್ನು ಕೈಬಿಟ್ಟು ಉಳಿಸಿದ ಹಣವು ಉಳಿತಾಯವಲ್ಲವೆಂಬುದನ್ನು ನಾವು ಮರೆಯದಿರೋಣ.