ಬೆರಳಿಗೆ ತಕ್ಕ ಕಂಪನ



ಸ್ಪರ್ಶಕ್ಕೆ ಮರುಕಂಪಿಸುವ ಗಾಜಿನ ಬಗ್ಗೆ ಮಾತನಾಡಲು ಬೆಂಗಳೂರಿನಲ್ಲಿ ಈ ಲಿಂಗರಾಜಪುರಕ್ಕಿಂತ ತಕ್ಕ ಬಡಾವಣೆ ನನಗೆ ಹೊಳೆಯುವುದಿಲ್ಲ. ಇಲ್ಲೇ ಹಚಿನ್ಸ್ ರಸ್ತೆಯ ಬಳಿ, ನಾವೆಲ್ಲ ಎಪಿಡಿ ಎಂದು ಕರೆಯುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇದೆ. ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆ ಅದು. ಯಂತ್ರವೊಂದನ್ನು ರೂಪಿಸುವವರು ಯಾರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೂರಬೇಕು ಎಂಬ ಪ್ರಶ್ನೆಗೆ ಈ ಊರಿನಲ್ಲಿ ಉತ್ತರ ಸುಲಭವಾಗಿ ಸಿಗುತ್ತದೆ. ನಾನು ಇಂದು ಹೇಳಬೇಕೆಂದಿರುವುದೂ ಅಷ್ಟೇ: ಕಂಪನವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ಸೌಲಭ್ಯ ಕೊನೆಯಲ್ಲಿ ಅಂಟಿಸುವ ಅಲಂಕಾರವಾಗಬಾರದು; ವಿನ್ಯಾಸ ಅಲ್ಲಿಂದಲೇ ಶುರುವಾಗಬೇಕು.

ಹಳೆಯ ಲಿಫ್ಟಿನ ಗುಂಡಿಯನ್ನು ಒತ್ತಿದರೆ ಒಳಗಿನ ಸ್ಪ್ರಿಂಗು ಟಕ್ಕೆಂದು ಉತ್ತರಿಸುತ್ತಿತ್ತು. ಈಗ ಲಿಫ್ಟು, ಒಲೆ, ಬಟ್ಟೆ ಒಗೆಯುವ ಯಂತ್ರ, ಟಿಕೆಟ್ ಯಂತ್ರ ಎಲ್ಲವೂ ನುಣುಪು ಗಾಜು. ಒತ್ತಿದ್ದು ತಗುಲಿತೋ ಇಲ್ಲವೋ ಎಂಬುದನ್ನು ಕಣ್ಣೇ ಹೇಳಬೇಕು. ಕಣ್ಣು ಕಾಣದವರಿಗೆ ಅದು ಮುಚ್ಚಿದ ಬಾಗಿಲು.

ಈ ಗಾಜಿಗೆ ಮತ್ತೆ ಉತ್ತರಿಸಲು ಕಲಿಸುವ ವಸ್ತು ಹಳೆಯದೇ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು, ಕೆಲವು ಹರಳುಗಳನ್ನು ಅದುಮಿದಾಗ ಅವುಗಳ ಮೈಮೇಲೆ ವಿದ್ಯುತ್ ಕಾಣಿಸಿಕೊಳ್ಳುವುದನ್ನು ಕಂಡರು. ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗಬೇಕು ಎಂದು ಮರುವರ್ಷ ಗೇಬ್ರಿಯಲ್ ಲಿಪ್‌ಮನ್ ಲೆಕ್ಕ ಹಾಕಿ ಹೇಳಿದರು. ಸಹೋದರರು ಅದನ್ನೂ ಪ್ರಯೋಗದಲ್ಲಿ ತೋರಿಸಿದರು. ಈ ಗುಣವಿರುವ ವಸ್ತುಗಳಿಗೇ ಪೀಜೋ ಎಂದು ಹೆಸರು. ಇಂದು ನಾವು ಹೆಚ್ಚಾಗಿ ಬಳಸುವುದು ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಆಕ್ಸೈಡು ಸೇರಿಸಿ ಸುಟ್ಟ ಪಿಂಗಾಣಿ, ಪಿಜೆಡ್‌ಟಿ. ಇಲ್ಲಿಂದ ದೂರವೇನಿಲ್ಲ, ಕೋಡಿಹಳ್ಳಿಯ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್ಎಎಲ್‌ನಲ್ಲಿ ಈ ಪಿಂಗಾಣಿಯನ್ನು ಪದರಪದರವಾಗಿ ಪೇರಿಸಿ ಚಾಲಕಗಳನ್ನು ಮಾಡುವ ಕೆಲಸ ನಡೆದಿದೆ.

ಪದರ ಏಕೆ ಬೇಕು ಎಂಬುದರಲ್ಲಿ ವಿನ್ಯಾಸದ ಕಷ್ಟವೆಲ್ಲ ಅಡಗಿದೆ. ಒಳ್ಳೆಯ ಪಿಜೆಡ್‌ಟಿ ಪ್ರತಿ ವೋಲ್ಟಿಗೆ ಸುಮಾರು 0.4 ನ್ಯಾನೋಮೀಟರ್ ಹಿಗ್ಗುತ್ತದೆ. ನೂರು ವೋಲ್ಟ್ ಕೊಟ್ಟರೂ ಸಿಗುವುದು 40 ನ್ಯಾನೋಮೀಟರ್. ಬೆರಳಿಗೆ ಅದು ಗೊತ್ತೇ ಆಗದು. ಅಂಥ 50 ತೆಳು ಪದರಗಳನ್ನು ಪೇರಿಸಿ ಪ್ರತಿಯೊಂದಕ್ಕೂ ಅಷ್ಟೇ ವೋಲ್ಟ್ ಕೊಟ್ಟರೆ 2 ಮೈಕ್ರಾನ್ ಆಗುತ್ತದೆ. ಇನ್ನೊಂದು ದಾರಿ, ಪಿಂಗಾಣಿಯ ಬಿಲ್ಲೆಯನ್ನು ಲೋಹದ ತೆಳು ತಟ್ಟೆಗೆ ಅಂಟಿಸುವುದು. ಒಂದು ಮೈ ಹಿಗ್ಗಿ ಇನ್ನೊಂದು ಹಿಗ್ಗದೆ ಉಳಿದಾಗ, ಬಿಸಿಲಿಗೆ ಹಾಕಿದ ಹಪ್ಪಳದ ಅಂಚು ಏಳುವಂತೆ ಇಡೀ ತಟ್ಟೆ ಬಾಗುತ್ತದೆ, ಚಲನೆ ಹಲವು ಪಟ್ಟು ದೊಡ್ಡದಾಗುತ್ತದೆ. ಬ್ರೈಲ್ ಓದುವ ಎಲೆಕ್ಟ್ರಾನಿಕ್ ಪಟ್ಟಿಗಳು ಬಹುಕಾಲದಿಂದ ಹೀಗೇ ನಡೆದಿವೆ: ಪ್ರತಿ ಚುಕ್ಕಿಗೂ ಬಾಗುವ ಒಂದು ಪೀಜೋ ಪಟ್ಟಿ. 8 ಚುಕ್ಕಿಗಳ 40 ಅಕ್ಷರಮನೆಗಳೆಂದರೆ 320 ಪಟ್ಟಿಗಳು. ಬೆಲೆ ಅಷ್ಟೊಂದು ಏರಲು ಅದೇ ದೊಡ್ಡ ಕಾರಣ.

ಇನ್ನು ಬೆರಳಿನ ಕಡೆಗೆ ಬರೋಣ. ಚರ್ಮದ ಆಳದಲ್ಲಿರುವ ಪಸೀನಿಯನ್ ಕಣಗಳು ಸುಮಾರು 250 ಹರ್ಟ್ಜ್ ಕಂಪನಕ್ಕೆ ಅತಿ ಚುರುಕು. ಆರೋಗ್ಯವಂತ ಎಳೆಯ ಬೆರಳು ಅಲ್ಲಿ ಒಂದು ಮೈಕ್ರಾನಿಗಿಂತ ಕಡಿಮೆ ಅಲುಗಾಟವನ್ನೂ ಹಿಡಿಯುತ್ತದೆ. ಆದ್ದರಿಂದಲೇ ತಯಾರಕರಿಗೆ ಆ ಸುತ್ತಿನ ಕಂಪನದ ಮೇಲೆ ಒಲವು. ಆದರೆ ವಯಸ್ಸಾದಂತೆ ಮೊದಲು ಮಂದವಾಗುವುದೂ ಇದೇ ವೇಗದ ಕಂಪನದ ಅರಿವು. ಸಕ್ಕರೆ ಕಾಯಿಲೆಯವರ ಕಾಲ್ಬೆರಳಿಗೆ ವೈದ್ಯರು 128 ಹರ್ಟ್ಜ್ ಶ್ರುತಿಕವೆ ಒತ್ತಿ ನೋಡುವುದು ನರಗಳ ಈ ಸೋಲನ್ನು ಬೇಗ ಪತ್ತೆಮಾಡಲು. ಅಂಥವರಿಗೆ 250 ಹರ್ಟ್ಜ್‌ನಲ್ಲೇ ಬಲ ಹೆಚ್ಚಿಸುತ್ತ ಹೋದರೆ ಗಾಜು ಗುಂಯ್‌ಗುಟ್ಟುತ್ತದೆಯೇ ಹೊರತು ಬೆರಳಿಗೆ ಅಷ್ಟು ಸುದ್ದಿ ಮುಟ್ಟದು. 30, 40 ಹರ್ಟ್ಜ್‌ಗೆ ಇಳಿದು ಅಲುಗಾಟವನ್ನು ಹಿಗ್ಗಿಸಬೇಕು. ಅಲ್ಲಿ ಚರ್ಮದ ಮೇಲ್ಪದರದ ಮೈಸ್ನರ್ ಕಣಗಳು ಕೇಳಿಸಿಕೊಳ್ಳುತ್ತವೆ. ಫೋನಿನ ಸಾಮಾನ್ಯ ಕಂಪಕ ತನ್ನ ಒಂದೇ ಅನುರಣನ ಆವರ್ತದ ಆಸುಪಾಸಿನಲ್ಲಿ ಮಾತ್ರ ಚೆನ್ನಾಗಿ ಅಲುಗುತ್ತದೆ. ಪೀಜೋ ಹಾಗೆ ಕಟ್ಟುಬಿದ್ದಿಲ್ಲ, ಕೆಲವೇ ಮಿಲಿಸೆಕೆಂಡಿನಲ್ಲಿ ಶುರುವಾಗಿ ನಿಲ್ಲುತ್ತದೆ. ಅದರ ಈ ಸ್ವಾತಂತ್ರ್ಯವನ್ನು ಬಳಸದೆ ಎಲ್ಲರಿಗೂ ಒಂದೇ ಮಿಡಿತ ಕೊಟ್ಟು ಕಳುಹಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಗಾಜಿನ ಕೆಳಗಿನ ಇದೇ ಬಿಲ್ಲೆ ಒತ್ತಡವನ್ನೂ ಅಳೆಯಬಲ್ಲದು. ಅದುಮಿದಾಗ ಹುಟ್ಟುವ ವೋಲ್ಟನ್ನು ಓದಿ, ಇಷ್ಟು ಒತ್ತಿದರೆ ಒಪ್ಪಿಗೆ ಎಂದು ಗೊತ್ತುಮಾಡಬಹುದು. ಇಂದಿರಾನಗರದ ಸ್ಪ್ಯಾಸ್ಟಿಕ್ಸ್ ಸೊಸೈಟಿಯಂಥ ಕಡೆ ಬರುವ ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು ನೆನೆದುಕೊಳ್ಳಿ. ನಡುಗುವ ಕೈ ಗಾಜನ್ನು ನಾಲ್ಕು ಕಡೆ ಸವರಿ ಒಂದು ಕಡೆ ನಿಲ್ಲುತ್ತದೆ. ಸವರಿದ್ದನ್ನೆಲ್ಲ ಆಜ್ಞೆ ಎಂದು ತಿಳಿಯುವ ಯಂತ್ರ ಆ ಮಗುವಿಗೆ ಶಿಕ್ಷೆ. ಸವರುವಾಗ ಮೆಲುವಾದ ಮಿಡಿತ, ಗಟ್ಟಿಯಾಗಿ ಒತ್ತಿ ಹಿಡಿದಾಗ ದೃಢವಾದ ಮಿಡಿತ, ಇವೆರಡರ ನಡುವಿನ ಗಡಿ ಆ ಮಗುವಿನ ಕೈಗೆ ಹೊಂದಬೇಕು.

ಕಾರ್ಖಾನೆಯ ಕೆಲಸದ ಬಗ್ಗೆ ಒಂದು ಮಾತು. ಗಾಜಿನ ನಾಲ್ಕೂ ಅಂಚನ್ನು ಬಿಗಿಯಾಗಿ ಅಂಟಿಸಿಬಿಟ್ಟರೆ ಅಲುಗಾಟ ಅಲ್ಲೇ ಸಾಯುತ್ತದೆ. ಮೆತ್ತನೆಯ ಫೋಮ್ ಪಟ್ಟಿಯ ಮೇಲೆ ಕೂರಿಸಬೇಕು. ಆದರೆ ಮಳೆಯ ನೀರು ಒಳಗೆ ಇಳಿಯದಂತೆ ಮುಚ್ಚಲೂ ಬೇಕು. ಪಿಂಗಾಣಿ ಸುಲಭವಾಗಿ ಬಿರುಕು ಬಿಡುತ್ತದೆ, ಅದನ್ನು ಹಿಡಿದಿರುವ ಅಂಟು ವರ್ಷಗಟ್ಟಲೆ ಬಿಸಿಲಿನಲ್ಲಿ ಸಡಿಲವಾದರೆ ಕಂಪನ ಕುಗ್ಗುತ್ತದೆ. ಆಗಲೂ ಬಿಲ್ಲೆಯ ವೋಲ್ಟನ್ನೇ ಅಳೆದು ಕೊರತೆಯನ್ನು ತುಂಬಿಕೊಳ್ಳುವಂತೆ ಸರ್ಕಿಟ್ ರೂಪಿಸಬಹುದು.

ಕೊನೆಯದಾಗಿ ಒಂದು ಬೇಡಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸೌಲಭ್ಯಗಳು ಎಲ್ಲರಿಗೂ ಎಟುಕಬೇಕೆನ್ನುತ್ತದೆ. ಆದರೆ ಟಿಕೆಟ್ ಯಂತ್ರದ ಮುಂದೆ ಸರತಿಯಲ್ಲಿ ನಿಂತವರಿಗೆ ತಮ್ಮ ಕಂಪನವನ್ನು ಪ್ರತಿಸಲ ಹೊಂದಿಸುತ್ತ ಕೂರಲಾಗದು. ಬಲ, ಆವರ್ತ, ಅವಧಿ, ಒತ್ತಡದ ಗಡಿ, ಈ ನಾಲ್ಕು ಅಂಕಿಗಳನ್ನು ಜೇಬಿನ ಪ್ರಯಾಣದ ಕಾರ್ಡಿನಲ್ಲಿ ಬರೆದಿಡಲು ಕೆಲವೇ ಬೈಟುಗಳು ಸಾಕು. ಕಾರ್ಡ್ ತಾಗಿಸಿದೊಡನೆ ಗಾಜು ಆ ಬೆರಳಿಗೆ ಹೊಂದಿಕೊಳ್ಳಲಿ. ಹೆಸರು, ಕಾಯಿಲೆ, ಅಂಗವೈಕಲ್ಯ ಯಾವುದನ್ನೂ ಅದು ಕೇಳಬೇಕಿಲ್ಲ. ಆ ನಾಲ್ಕು ಅಂಕಿಗಳ ಮೊದಲ ಪಟ್ಟಿಯನ್ನು ಬರೆಯುವ ಎಂಜಿನಿಯರರು ಪ್ರಯೋಗಾಲಯದಲ್ಲಿ ತಮ್ಮ ಬೆರಳುಗಳನ್ನೇ ಅಳೆಯದೆ, ಹಚಿನ್ಸ್ ರಸ್ತೆಗೆ ಬಂದು ಇಲ್ಲಿನವರೊಂದಿಗೆ ಕುಳಿತು ಬರೆಯಲಿ.