ಸೇವೆ ಮಾಡುವವನ ತಕ್ಕಡಿಗೂ ಮುದ್ರೆ ಬೇಕು

(ಗಿರಣಿ ಕೇರಿಯಲ್ಲಿ ಸಹಾಯ ಕೇಂದ್ರ ತೆರೆಯುವುದಕ್ಕೆ ಮುಂಚೆ ಸೇರಿದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಬರುವ ಸೋಮವಾರದಿಂದ ನಾವು ಗಿರಣಿ ಕೇರಿಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಹಾಕಿ ಕೂರುವವರಿದ್ದೇವೆ. ಭವಿಷ್ಯನಿಧಿಯ ಹಣ ಬಾರದವರು, ಇಎಸ್‌ಐ ಚೀಟಿ ಇದ್ದೂ ಔಷಧ ಸಿಗದವರು, ವಿಧವಾ ವೇತನ ನಿಂತವರು ಅಲ್ಲಿಗೆ ಬರುತ್ತಾರೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್ ಚೀಟಿ, ಫೋನಿಗೆ ಬಂದ ಓಟಿಪಿ, ಹೆಬ್ಬೆಟ್ಟು, ಇವನ್ನೆಲ್ಲ ನಮ್ಮ ಕೈಗೆ ಕೊಡುತ್ತಾರೆ. ಅದಕ್ಕಿಂತ ಹೆಚ್ಚಾಗಿ ಮನೆಯ ಗುಟ್ಟನ್ನು ಕೊಡುತ್ತಾರೆ. ಅವನ್ನು ನಾವು ಹೇಗೆ ಕಾಯಬೇಕೆಂಬುದೇ ಇವತ್ತಿನ ಮಾತು.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮೇಷ್ಟ್ರ ಕೆಲಸ ಬಿಟ್ಟು ಈ ಕೆಲಸಕ್ಕೆ ಬಂದ ಮೊದಲ ವರ್ಷ. ಒಬ್ಬ ಕಾರ್ಮಿಕನ ಹೆಂಡತಿ ಅರ್ಜಿ ಬರೆಸಲು ಬಂದಳು. ಗಂಡ ಕ್ಷಯದಿಂದ ತೀರಿಕೊಂಡಿದ್ದ. ಕಾಯಿಲೆಯ ಹೆಸರನ್ನು ನೆರೆಹೊರೆಗೆ ತಿಳಿಸಿರಲಿಲ್ಲ, ನನಗೆ ಹೇಳಿದಳು. ನಾನು ಅರ್ಜಿ ಬರೆದೆ. ಅಷ್ಟಕ್ಕೇ ಸುಮ್ಮನಿರಲಿಲ್ಲ. ಆ ವಾರದ ಬಹಿರಂಗ ಸಭೆಯಲ್ಲಿ ಆಕೆಯ ಹೆಸರು, ಓಣಿ, ಗಂಡನ ಕಾಯಿಲೆ ಎಲ್ಲವನ್ನೂ ಹೇಳಿ ಕಣ್ಣೀರು ಬರುವ ಹಾಗೆ ಭಾಷಣ ಮಾಡಿದೆ. ಜನ ಚಪ್ಪಾಳೆ ತಟ್ಟಿದರು, ಚಂದಾ ಕೂಡಿತು. ತಿಂಗಳೊಳಗೆ ಮನೆಯ ಮಾಲಿಕ ಮನೆ ಬಿಡಿ ಎಂದ. ಓಣಿಯವರು ಆ ಮನೆಯ ಮಕ್ಕಳನ್ನು ದೂರ ಇಟ್ಟರು. ಆಕೆ ಬಂದು ಚಂದಾ ಹಣವನ್ನು ನನ್ನ ಮುಂದಿಟ್ಟು, "ಅರ್ಜಿ ಬರೀರಿ ಅಂದಿದ್ದೆ, ಡಂಗುರ ಹೊಡೀರಿ ಅಂದಿದ್ನೇನ್ರಿ ಮೇಷ್ಟ್ರೇ?" ಎಂದು ಕೇಳಿದಳು. ನನಗೆ ಉತ್ತರವಿರಲಿಲ್ಲ. ಈಗಲೂ ಇಲ್ಲ. ಆಕೆ ಆ ಕೇರಿ ಬಿಟ್ಟು ಹೋದಳು.

ನಾನು ಕೆಟ್ಟವನಾಗಿ ಹಾಗೆ ಮಾಡಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಮಾಡಿದೆ. ಸಂಗಾತಿಗಳೇ, ಸೇವೆಯಲ್ಲಿ ದೊಡ್ಡ ಅಪಾಯ ಇರುವುದು ಇಲ್ಲಿಯೇ. ಕಳ್ಳನನ್ನು ಜನ ಗುರುತಿಸುತ್ತಾರೆ. ಉಪಕಾರಿಯನ್ನು ಯಾರೂ ತಡೆಯುವುದಿಲ್ಲ.

ಇದು ನನ್ನೊಬ್ಬನ ಸಣ್ಣ ಕಥೆ. ದೊಡ್ಡದೊಂದು ಕಥೆ ಇದೆ, ದೂರದ ಅಮೆರಿಕೆಯದು. ಅಲಬಾಮಾ ಸಂಸ್ಥಾನದ ಮೇಕನ್ ಜಿಲ್ಲೆಯಲ್ಲಿ ಟಸ್ಕೀಗಿ ಎಂಬ ಊರಿದೆ. ಹತ್ತಿ ಬೆಳೆಯುವ ಸೀಮೆ. ಅಲ್ಲಿಯ ಕಪ್ಪು ಜನಾಂಗದವರಲ್ಲಿ ಬಹುಮಂದಿ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುವ ಬಡ ರೈತರು. 1932ರಲ್ಲಿ ಆ ದೇಶದ ಸರ್ಕಾರಿ ಆರೋಗ್ಯ ಇಲಾಖೆಯವರು ಬಂದು, "ನಿಮ್ಮ ರಕ್ತ ಕೆಟ್ಟಿದೆ, ಪುಕ್ಕಟೆ ನೋಡುತ್ತೇವೆ" ಎಂದರು. ಸುಮಾರು 600 ಗಂಡಸರನ್ನು ಆರಿಸಿಕೊಂಡರು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗವಿತ್ತು. 201 ಜನರಿಗೆ ಇರಲಿಲ್ಲ. ರೋಗವನ್ನು ವಾಸಿ ಮಾಡುವುದು ವೈದ್ಯರ ಉದ್ದೇಶವಾಗಿರಲಿಲ್ಲ. ವಾಸಿ ಮಾಡದೆ ಬಿಟ್ಟರೆ ಮೈಯಲ್ಲಿ ಅದು ಏನೇನು ಮಾಡುತ್ತದೆ ಎಂದು ಕೊನೆತನಕ ನೋಡುವುದು ಅವರ ಉದ್ದೇಶವಾಗಿತ್ತು. ರೋಗಿಗಳಿಗೆ ರೋಗದ ಹೆಸರನ್ನೂ ಹೇಳಲಿಲ್ಲ. ಬೆನ್ನುಹುರಿಯ ನೀರು ತೆಗೆಯುವುದನ್ನು ವಿಶೇಷ ಚಿಕಿತ್ಸೆ ಎಂದು ನಂಬಿಸಿದರು.

ಜನ ಏಕೆ ಹೋದರು ಎಂದು ಕೇಳುತ್ತೀರಿ. ಹೋಗಿ ಬರಲು ಗಾಡಿ ಇತ್ತು. ಪರೀಕ್ಷೆಯ ದಿನ ಬಿಸಿ ಊಟವಿತ್ತು. ಸತ್ತ ಮೇಲೆ ಹೆಣವನ್ನು ಕೊಯ್ದು ನೋಡಲು ಒಪ್ಪಿದರೆ ಮಣ್ಣು ಮಾಡುವ ಖರ್ಚು ಕೊಡುತ್ತಿದ್ದರು. ಬಡವನಿಗೆ ಸಾವಿನ ಖರ್ಚೆಂದರೆ ಏನೆಂದು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಯೂನಿಸ್ ರಿವರ್ಸ್ ಎಂಬ ದಾದಿ ಇದ್ದಳು. ಅವಳೂ ಕಪ್ಪು ಜನಾಂಗದವಳೇ. ಮನೆ ಮನೆಗೆ ಹೋಗಿ ಕ್ಷೇಮ ವಿಚಾರಿಸುತ್ತಿದ್ದಳು; ತಾನೇ ಗಾಡಿ ನಡೆಸಿಕೊಂಡು ಅವರನ್ನು ಕರೆದೊಯ್ಯುತ್ತಿದ್ದಳು. ವೈದ್ಯರು ಬದಲಾದರು, ಅವಳು ದಶಕಗಟ್ಟಲೆ ಉಳಿದಳು. ಅವಳು ಬಂದಿದ್ದಾಳೆಂದರೆ ಜನ ಎದ್ದು ಹೋಗುತ್ತಿದ್ದರು. ಅವಳಿಗೆ ಆ ಜನರ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ಪ್ರೀತಿಯಿಂದ ಹುಟ್ಟಿದ ನಂಬಿಕೆಯೇ ಅವರನ್ನು ಬಲೆಯಲ್ಲಿ ಹಿಡಿದಿಟ್ಟ ಹಗ್ಗವಾಯಿತು.

1947ರ ಹೊತ್ತಿಗೆ ಪೆನಿಸಿಲಿನ್ ಆ ರೋಗಕ್ಕೆ ಸರಿಯಾದ ಮದ್ದೆಂದು ಗೊತ್ತಾಗಿತ್ತು, ಧಾರಾಳವಾಗಿ ಸಿಗುತ್ತಲೂ ಇತ್ತು. ಆದರೂ ಇವರಿಗೆ ಕೊಡಲಿಲ್ಲ. ಗಂಡಸರು ಸತ್ತರು, ಕೆಲವರ ಹೆಂಡಿರಿಗೆ ರೋಗ ಹತ್ತಿತು, ಮಕ್ಕಳು ರೋಗ ಹೊತ್ತು ಹುಟ್ಟಿದರು. ಇದು ಗುಟ್ಟಾಗಿ ನಡೆದದ್ದೂ ಅಲ್ಲ. ವೈದ್ಯರ ಪತ್ರಿಕೆಗಳಲ್ಲಿ ಇದರ ವರದಿಗಳು ಅಚ್ಚಾಗುತ್ತಿದ್ದವು. ಗೊತ್ತಿಲ್ಲದವರೆಂದರೆ ರೋಗಿಗಳು ಮಾತ್ರ!

ಕೊನೆಗೆ ಇದನ್ನು ತಪ್ಪು ಎಂದು ಬಿಡದೆ ಹೇಳಿದವನು ದೊಡ್ಡ ವೈದ್ಯನಲ್ಲ. ಪೀಟರ್ ಬಕ್ಸ್‌ಟನ್ ಎಂಬ ಇಪ್ಪತ್ತೆಂಟು ಮೂವತ್ತರ ತರುಣ. ಸೈನ್ಯದಲ್ಲಿ ಸಮಾಜ ಕಾರ್ಯಕರ್ತನಾಗಿ ದುಡಿದು, 1965ರಲ್ಲಿ ಅದೇ ಆರೋಗ್ಯ ಇಲಾಖೆಗೆ ಸೇರಿದ. ರೋಗಿಗಳನ್ನು ಮಾತನಾಡಿಸಿ ವಿವರ ಬರೆದುಕೊಳ್ಳುವುದು ಅವನ ಕೆಲಸ. ಸಹೋದ್ಯೋಗಿಗಳ ಮಾತಿನಿಂದ ಈ ವಿಷಯ ಅವನ ಕಿವಿಗೆ ಬಿತ್ತು. 1966ರಲ್ಲಿ ಮೇಲಿನವರಿಗೆ ಬರೆದ. ಅವರು ಕರೆಸಿ ಗದರಿಸಿದರು. 1968ರಲ್ಲಿ ಮತ್ತೆ ಬರೆದ. 1969ರಲ್ಲಿ ಇಲಾಖೆ ಒಂದು ಸಮಿತಿ ಕೂಡಿಸಿತು. ಸಮಿತಿ ಕೆಲಸ ಮುಂದುವರಿಯಲಿ ಎಂದಿತು! ಕಡೆಗೆ ಅವನು ಪತ್ರಿಕೆಯವರ ಬಳಿಗೆ ಹೋದ. 1972ರ ಜುಲೈನಲ್ಲಿ ಸುದ್ದಿ ಅಚ್ಚಾಯಿತು. ನಲವತ್ತು ವರ್ಷ ನಡೆದದ್ದು ಆ ವರ್ಷವೇ ನಿಂತಿತು. 1974ರಲ್ಲಿ ಒಂದು ಕೋಟಿ ಡಾಲರ್ ಪರಿಹಾರ ಗೊತ್ತಾಯಿತು. ಮನುಷ್ಯರ ಮೇಲೆ ಪರೀಕ್ಷೆ ಮಾಡುವವರಿಗೆ ಕಟ್ಟು ಹಾಕುವ ಕಾನೂನೂ ಅದೇ ವರ್ಷ ಬಂತು. ರಾಷ್ಟ್ರಾಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ. ಬಕ್ಸ್‌ಟನ್ 2024ರಲ್ಲಿ ತೀರಿಕೊಂಡ.

ಇದರಲ್ಲಿ ನಾವು ನೋಡಬೇಕಾದದ್ದು ಎರಡು. ರೋಗಿಗೆ ಸೇರಿದ ಸಂಗತಿಯನ್ನು ರೋಗಿಗೇ ಹೇಳದೆ ಇಟ್ಟುಕೊಂಡರು, ಅದು ಒಂದು. ತಪ್ಪು ಮಾಡುವವರೇ ದೂರು ಕೇಳುವವರೂ ಆದರು, ಅದು ಎರಡನೆಯದು.

ನಮ್ಮ ದೇಶದಲ್ಲಿ ಹೀಗಾಗುವುದಿಲ್ಲ ಎನ್ನುವಂತಿಲ್ಲ. ಬಿಹಾರದ ಮುಜಫರ್‌ಪುರದಲ್ಲಿ ಹೆಣ್ಣುಮಕ್ಕಳ ಆಶ್ರಯಧಾಮವೊಂದಿತ್ತು. ಸೇವಾಸಂಸ್ಥೆಯ ಫಲಕ, ಸರ್ಕಾರದ ಹಣ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ತಂಡವೊಂದು ಆ ರಾಜ್ಯದ 110 ಇಂಥ ಸಂಸ್ಥೆಗಳನ್ನು ತನಿಖೆ ಮಾಡಿ 2018ರಲ್ಲಿ ವರದಿ ಕೊಟ್ಟಿತು. ತಂಡದವರು ಕಡತ ನೋಡಿ ಎದ್ದುಬರಲಿಲ್ಲ. ಮಕ್ಕಳ ಜೊತೆ ಕುಳಿತು ಮಾತನಾಡಿದರು. ಮಕ್ಕಳ ಮೇಲೆ ನಡೆದ ಅತ್ಯಾಚಾರ ಆಗ ಹೊರಬಿತ್ತು. 2020ರಲ್ಲಿ ದಿಲ್ಲಿಯ ನ್ಯಾಯಾಲಯ 19 ಜನರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ರಕ್ಷಣೆಗೆಂದು ಕಟ್ಟಿದ ಗೋಡೆಯ ಒಳಗೇ ಅದೆಲ್ಲ ನಡೆದಿತ್ತು.

ಇಲ್ಲಿ ಅಂಗಡಿಕಾರ ಬಂಧುಗಳಿದ್ದಾರೆ. ಪ್ರಾಮಾಣಿಕನ ತಕ್ಕಡಿಗೆ ಮುದ್ರೆ ಬೇಡ ಎಂದು ಕಾನೂನು ಹೇಳುತ್ತದೆಯೇ? ಇಲ್ಲ. ತೂಕದ ಕಲ್ಲು ತಿಳಿಯದೆಯೂ ಸವೆಯುತ್ತದೆ. ಗಿರಣಿಯವರಿದ್ದೀರಿ. ತಿರುಗುವ ಪಟ್ಟಿಗೆ ಜಾಲರಿ ಹಾಕುವುದು ಬೆರಳು ಹೋಗುವುದಕ್ಕೆ ಮುಂಚೆಯೋ, ಹೋದ ಮೇಲೆಯೋ? ವೈದ್ಯನಿಗೆ ಒಂದು ಕೌನ್ಸಿಲ್ ಇದೆ, ವಕೀಲನಿಗೆ ಒಂದು ಕೌನ್ಸಿಲ್ ಇದೆ. ತಪ್ಪಿದರೆ ಸನ್ನದು ಕಳೆಯುತ್ತಾರೆ. ಕೇರಿಯಲ್ಲಿ ಮೇಜು ಹಾಕಿ ಕೂರುವ ನಮಗೆ ಯಾರ ಸನ್ನದೂ ಇಲ್ಲ. ಆದ್ದರಿಂದ ಜಾಲರಿಯನ್ನು ನಾವೇ ಹಾಕಿಕೊಳ್ಳಬೇಕು. ನಾನು ಆರು ಕಟ್ಟಳೆಗಳನ್ನು ಸಭೆಯ ಮುಂದಿಡುತ್ತೇನೆ.

ಮೊದಲನೆಯದು, ತಿಳಿಸಿದ ಮೇಲೆ ಸಹಿ. ಯಾವ ಕಾಗದಕ್ಕೇ ಆಗಲಿ, ಅದನ್ನು ಬಂದವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಬಾರದು. ಖಾಲಿ ಕಾಗದಕ್ಕೆ ಸಹಿ ಪಡೆಯುವುದಂತೂ ಕೂಡದು. ಲಾಭ ಹೇಳಿದ ಹಾಗೆಯೇ ಆಗಬಹುದಾದ ನಷ್ಟವನ್ನೂ ಹೇಳಬೇಕು. ಒಲ್ಲೆ ಎಂದವನ ಮೇಲೆ ಮುಖ ಸಿಂಡರಿಸಬಾರದು.

ಎರಡನೆಯದು, ಗುಟ್ಟು. ನಮ್ಮ ಪುಸ್ತಕಕ್ಕೆ ಬೀಗವಿರಲಿ. ಹೆಸರು, ಫೋಟೋ, ಕಾಯಿಲೆ, ಮನೆಜಗಳ ಯಾವುದೂ ಭಾಷಣಕ್ಕೆ, ಪತ್ರಿಕೆಗೆ, ವಾಟ್ಸಾಪಿಗೆ ಹೋಗತಕ್ಕದ್ದಲ್ಲ. ಆದರೆ ಗುಟ್ಟಿಗೂ ಒಂದು ಎಲ್ಲೆ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾನೂನು ಹೇಳುತ್ತದೆ. ಈ ಎಲ್ಲೆಯನ್ನು ಬಂದವರಿಗೆ ಮೊದಲೇ ಹೇಳಿಬಿಡಬೇಕು. ಮಾತು ಕೊಟ್ಟು ಆಮೇಲೆ ಮುರಿದರೆ ಅದೂ ಒಂದು ಮೋಸವೇ.

ಮೂರನೆಯದು, ಲೆಕ್ಕ. ಚಂದಾ ಎತ್ತಿದ್ದಕ್ಕೆ ರಸೀತಿ, ಖರ್ಚಿಗೆ ಚೀಟಿ, ತಿಂಗಳ ಕಿರ್ದಿ ಗೋಡೆಯ ಮೇಲೆ. ರಾಜಸ್ಥಾನದ ಕೋಟ್ ಕಿರಾಣಾದಲ್ಲಿ 1994ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರನ್ನು ಬಯಲಲ್ಲಿ ಕೂರಿಸಿ ಪಂಚಾಯಿತಿ ಕೆಲಸಗಳ ಲೆಕ್ಕವನ್ನು ಗಟ್ಟಿಯಾಗಿ ಓದಿದರು. ಅಂಥ ಸಭೆಗಳಿಂದ ಬೆಳೆದ ಚಳವಳಿ 2005ರ ಮಾಹಿತಿ ಹಕ್ಕಿನ ಕಾನೂನಿಗೆ ದಾರಿ ಮಾಡಿತು. ಸರ್ಕಾರದ ಲೆಕ್ಕ ಕೇಳುವ ನಾವು ನಮ್ಮ ಲೆಕ್ಕವನ್ನು ಮುಚ್ಚಿಡುವುದು ನ್ಯಾಯವಲ್ಲ. ಎಷ್ಟೋ ಸಂಘಗಳಲ್ಲಿ ಇದು ತಲೆಕೆಳಗಾಗಿರುವುದನ್ನು ಕಂಡಿದ್ದೇನೆ. ಜನರ ಗುಟ್ಟು ಬೀದಿಯಲ್ಲಿ, ಸಂಘದ ಲೆಕ್ಕ ಪೆಟ್ಟಿಗೆಯಲ್ಲಿ! ನಮ್ಮಲ್ಲಿ ಲೆಕ್ಕ ಬೀದಿಯಲ್ಲಿರಲಿ, ಗುಟ್ಟು ಪೆಟ್ಟಿಗೆಯಲ್ಲಿರಲಿ.

ನಾಲ್ಕನೆಯದು, ಋಣ. ಬಂದವರಿಂದ ಸಾಲ ತೆಗೆದುಕೊಳ್ಳಬಾರದು, ಅವರಿಗೆ ಬಡ್ಡಿಗೆ ಕೊಡಲೂಬಾರದು. ಕೆಲಸವಾದ ಮೇಲೆ ತಂದುಕೊಡುವ ತೆಂಗಿನಕಾಯಿ, ಕುಪ್ಪಸದ ಕಣವನ್ನು ಕೈಮುಗಿದು ಹಿಂದಕ್ಕೆ ಕೊಡಬೇಕು. ಹೆಂಗಸರು, ಮಕ್ಕಳು ಬಂದಾಗ ಬಾಗಿಲು ತೆರೆದಿರಲಿ, ಇಬ್ಬರು ಕಾರ್ಯಕರ್ತರಿರಲಿ. ಅವರಲ್ಲಿ ಒಬ್ಬರು ಹೆಂಗಸಿರಲಿ. ಇನ್ನೊಂದು ಮಾತು ಕೆಲವರಿಗೆ ರುಚಿಸದು. ಆ ಮೇಜಿನ ಮೇಲೆ ಪಕ್ಷದ ಸದಸ್ಯತ್ವದ ಪುಸ್ತಕ ಇರಕೂಡದು. ವಿಧವಾ ವೇತನದ ಅರ್ಜಿಯ ಕೆಳಗೆ ನಮ್ಮ ರಸೀತಿ ಇಟ್ಟರೆ ಅವಳು ಬೇಡ ಎನ್ನಲಾರಳು. ಬೇಡ ಎನ್ನಲಾಗದವರಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಮೇಕನ್ ಜಿಲ್ಲೆಯವರು ಊಟಕ್ಕೂ ಹೆಣದ ಖರ್ಚಿಗೂ ಒಪ್ಪಿದಂಥ ಒಪ್ಪಿಗೆ ಅದು.

ಐದನೆಯದು, ನಮ್ಮ ಅಳತೆ. ನಾನು ಮೆಟ್ರಿಕ್ ಓದಿದವನು, ವಕೀಲನೂ ಅಲ್ಲ ವೈದ್ಯನೂ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಗೊತ್ತಿರುವವರ ಹತ್ತಿರ ಕರೆದುಕೊಂಡು ಹೋಗುವುದೂ ಸೇವೆಯೇ. ಮೇಲ್ಮನವಿಯ ಗಡುವು ದಾಟಿಸಿದರೆ ಕುಟುಂಬದ ಅನ್ನ ಹೋಗುತ್ತದೆ. ಪ್ರತಿ ಅರ್ಜಿಗೂ ತಾರೀಖು, ಹೊಣೆ ಹೊತ್ತವರ ಹೆಸರು, ಮುಂದಿನ ಗಡುವು ಬರೆದಿರಬೇಕು.

ಆರನೆಯದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಮೇಲಿನ ದೂರನ್ನು ನಾವು ಕೇಳಬಾರದು. ಬಕ್ಸ್‌ಟನ್ ಎರಡು ಸಲ ಬರೆದದ್ದು ತಪ್ಪು ಮಾಡುತ್ತಿದ್ದ ಕಚೇರಿಗೇ. ಅದಕ್ಕೇ ಆರು ವರ್ಷ ಹಿಡಿಯಿತು. ಆ ಆರು ವರ್ಷ ರೋಗಿಗಳು ಮದ್ದಿಲ್ಲದೆ ಇದ್ದರು. ಆದ್ದರಿಂದ ಪಕ್ಷದವರಲ್ಲದ ಇಬ್ಬರನ್ನು, ಒಬ್ಬ ಕಾರ್ಮಿಕ ಹೆಣ್ಣುಮಗಳನ್ನೂ ಒಬ್ಬ ಅಂಗಡಿಯವರನ್ನೂ, ದೂರು ಕೇಳಲು ನೇಮಿಸೋಣ. ಅವರ ಹೆಸರು, ಫೋನ್ ಸಂಖ್ಯೆ ಫಲಕದ ಮೇಲೆ ದಪ್ಪಕ್ಷರದಲ್ಲಿ ಇರಲಿ. ನನ್ನನ್ನೂ ಸೇರಿಸಿ ಯಾರನ್ನಾದರೂ ಆ ಮೇಜಿನಿಂದ ಎಬ್ಬಿಸುವ ಅಧಿಕಾರ ಅವರಿಗಿರಲಿ. ನಮ್ಮೊಳಗೆ ತಪ್ಪು ಕಂಡು ಬಾಯಿಬಿಟ್ಟ ಕಾರ್ಯಕರ್ತನನ್ನು ದ್ರೋಹಿ ಎನ್ನುವ ಚಾಳಿಯನ್ನು ಇಂದೇ ಬಿಡೋಣ.

ಇಷ್ಟೆಲ್ಲ ಕಟ್ಟು ಹಾಕಿದರೆ ಕೆಲಸ ನಿಧಾನವಾಗುತ್ತದೆ ಎಂದು ಕೆಲವು ಗೆಳೆಯರು ಹೇಳಿದ್ದಾರೆ. ಆಗುತ್ತದೆ. ದಿನಕ್ಕೆ ಮೂವತ್ತು ಅರ್ಜಿ ಬರೆಯುವಲ್ಲಿ ಹದಿನೈದು ಬರೆದೇವು. ಕಾಯುವವರ ಕಷ್ಟ ಸಣ್ಣದಲ್ಲ. ಅದಕ್ಕೆ ಇನ್ನೂ ನಾಲ್ಕು ಕೈಗಳನ್ನು ಹುಡುಕೋಣ. ಅವಸರದಲ್ಲಿ ಒಂದು ಮನೆ ಮುರಿದರೆ ಅದನ್ನು ಮತ್ತೆ ಕಟ್ಟುವ ವಿದ್ಯೆ ನನಗೆ ಗೊತ್ತಿಲ್ಲ.

ಆ ತಾಯಿ ಎಲ್ಲಿದ್ದಾಳೋ ಈಗ ನನಗೆ ತಿಳಿಯದು. ಇವತ್ತೂ ನಾನು ಅವಳ ಹೆಸರು ಹೇಳಲಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅಷ್ಟನ್ನು ಕಲಿತಿದ್ದೇನೆ.

ಕಟ್ಟಳೆಗಳನ್ನು ಒಂದೊಂದಾಗಿ ಚರ್ಚೆ ಮಾಡಿ, ತಿದ್ದುವುದಿದ್ದರೆ ತಿದ್ದಿ. ಒಪ್ಪಿಗೆಯಾದದ್ದನ್ನು ಸೋಮವಾರ ಮೇಜು ಹಾಕುವುದಕ್ಕೆ ಮುಂಚೆ ಗೋಡೆಗೆ ಬರೆಯೋಣ. ಮೊದಲು ಫಲಕ, ಆಮೇಲೆ ಮೇಜು.