ಹದಿನಾಲ್ಕು ತುಂಬಿದ ಮೇಲೆ, ಹದಿನೆಂಟು ಆಗುವ ಮುನ್ನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹೆಣ್ಣುಮಕ್ಕಳ ಸಮಾನತೆಗಾಗಿ ದೇಶ ನಡೆಸಿರುವ ಪ್ರಯತ್ನಗಳ ಬಗ್ಗೆ ಮಾತನಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ನನಗೆ ಅಳುಕಾಯಿತು. ದೇಶ ದೊಡ್ಡದು. ನಾನು ಕಂಡಿರುವುದು ಕೊಳ್ಳೇಗಾಲ, ಹನೂರು, ಯಳಂದೂರು, ಇಷ್ಟೇ. ಅಂಗನವಾಡಿ ಕಾರ್ಯಕರ್ತೆಯಾಗಿ ಸೇರಿ, ಮೇಲ್ವಿಚಾರಕಿಯಾಗಿ ನಿವೃತ್ತಿಯಾಗುವವರೆಗೆ ಈ ಊರುಗಳ ಸುತ್ತಲೇ ತಿರುಗಿದವಳು ನಾನು. ದೆಹಲಿಯಲ್ಲಿ ಹೊರಟ ಕಾನೂನು ನಮ್ಮ ಹಳ್ಳಿಯ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಏನಾಗಿರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಬರೆದದ್ದು 1980ರಲ್ಲಿ. ಆಗ ಹನೂರು ತಾಲ್ಲೂಕಾಗಿರಲಿಲ್ಲ, ಕೊಳ್ಳೇಗಾಲಕ್ಕೆ ಸೇರಿತ್ತು. ಜಿಲ್ಲೆ ಮೈಸೂರು. ತರಗತಿಯಲ್ಲಿ ನಾವು ಆರು ಜನ ಹುಡುಗಿಯರು. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಲೆಕ್ಕದಲ್ಲಿ ನಮಗೆಲ್ಲ ಮುಂದು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳ ಉತ್ತರ ಸಿದ್ಧ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನತೊಡಗಿದರೆ ಅವಳು ಶಾಲೆಗೆ ತಡ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಗೈರುಹಾಜರು. ಅದೇ ಮನೆಯ ಅವಳ ಅಣ್ಣ ಮಾತ್ರ ಒಂದು ದಿನವೂ ಶಾಲೆ ತಪ್ಪಿಸಿದ್ದಿಲ್ಲ.

ಪರೀಕ್ಷೆ ಮುಗಿದು ಫಲಿತಾಂಶ ಬರುವ ಮೊದಲೇ ಅವಳ ಮದುವೆಯಾಯಿತು. ಅವಳಿಗೆ ಹದಿನಾರು. ಹೆಣ್ಣಿಗೆ ಹದಿನೆಂಟು ಎಂದು ಕಾನೂನು ತಿದ್ದಿ ಆಗಲೇ ಎರಡು ವರ್ಷವಾಗಿತ್ತು. ಆ ಮದುವೆಗೆ ಊರೆಲ್ಲ ಹೋಗಿತ್ತು. ನಮಗೆ ಪಾಠ ಹೇಳಿದವರೂ ಬಂದಿದ್ದರು. ನಾನೂ ಹೋಗಿ ಉಂಡು ಬಂದೆ. ಫಲಿತಾಂಶ ಬಂದಾಗ ಅವಳಿಗೆ ಪ್ರಥಮ ದರ್ಜೆ. ಅಂಕಪಟ್ಟಿ ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ಆ ದಿನ ಯಾರೂ ಕೆಟ್ಟವರಾಗಿರಲಿಲ್ಲ. ಕಾನೂನಿತ್ತು, ಅದನ್ನು ಹೇಳುವ ಬಾಯಿ ಇರಲಿಲ್ಲ. 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಗೆ ಹದಿನಾಲ್ಕು ವರ್ಷ ಗೊತ್ತುಮಾಡಿತು. 1978ರಲ್ಲಿ ಅದು ಹದಿನೆಂಟಾಯಿತು. ಆದರೆ ಮದುವೆ ನಿಲ್ಲಿಸಬೇಕಾದವರು ಇಂಥವರೇ ಎಂದು ಆ ಕಾಯಿದೆ ಯಾರನ್ನೂ ನೇಮಿಸಿರಲಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಅದಕ್ಕೆಂದೇ ಅಧಿಕಾರಿಗಳನ್ನು ತಂದಿತು. ನಮ್ಮ ರಾಜ್ಯದಲ್ಲಿ ಶಾಲಾ ಮುಖ್ಯೋಪಾಧ್ಯಾಯರೂ ಆ ಅಧಿಕಾರಿಗಳ ಪಟ್ಟಿಯಲ್ಲಿದ್ದಾರೆ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ 2016ರ ಕರ್ನಾಟಕ ತಿದ್ದುಪಡಿಯಿಂದ ನಮ್ಮಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಶೇಕಡಾ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು ಎಂದು ಇಟ್ಟುಕೊಳ್ಳಿ.

ಯೋಜನೆಗಳು ಕಡಿಮೆಯೇನಲ್ಲ. ದೇಶದಲ್ಲಿ ಹೆಣ್ಣಿನ ಸ್ಥಿತಿಗತಿ ಹೇಗಿದೆ ಎಂದು ಕೇಂದ್ರ ನೇಮಿಸಿದ್ದ ಸಮಿತಿ 1974ರಲ್ಲಿ ವರದಿ ಕೊಟ್ಟಿತು. ಮರುವರ್ಷ ಅಂಗನವಾಡಿ ಬಂತು. ಕರ್ನಾಟಕದಲ್ಲಿ ಅದು ಮೊದಲು ಶುರುವಾದದ್ದು ನಮ್ಮ ನೆರೆಯ ತಿ. ನರಸೀಪುರದಲ್ಲಿ. 2006-07ರಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಬಂತು, ಎಂಟನೇ ತರಗತಿಗೆ ಸೈಕಲ್ ಬಂತು. 2015ರಲ್ಲಿ ಬೇಟಿ ಬಚಾವೋ ಬೇಟಿ ಪಢಾವೋ, ಅದರ ಜೊತೆಗೆ ಸುಕನ್ಯಾ ಸಮೃದ್ಧಿ ಖಾತೆ. 2023ರಲ್ಲಿ ಶಕ್ತಿ ಯೋಜನೆಯ ಉಚಿತ ಬಸ್ಸು. ಪ್ರತಿಯೊಂದರಿಂದಲೂ ಉಪಯೋಗವಾಗಿದೆ. ಹದಿನೆಂಟರೊಳಗೆ ಮದುವೆ ಮಾಡಿದರೆ ಬಾಂಡಿನ ದುಡ್ಡು ಬರುವುದಿಲ್ಲ ಎಂಬ ಒಂದೇ ಮಾತಿಗೆ ಹಿಂದೆ ಸರಿದ ತಂದೆಯರನ್ನು ನಾನು ನೋಡಿದ್ದೇನೆ.

ಆದರೂ ಒಂದು ಕಂದಕ ಹಾಗೇ ಉಳಿದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವನ್ನು ಹದಿನಾಲ್ಕರವರೆಗೆ ಕೈಹಿಡಿದು ನಡೆಸುತ್ತದೆ. ಮದುವೆಯ ಕಾಯಿದೆ ಹದಿನೆಂಟರವರೆಗೆ ಬೇಡ ಅನ್ನುತ್ತದೆ. ನಡುವಿನ ನಾಲ್ಕು ವರ್ಷ ಅವಳು ಎಲ್ಲಿರಬೇಕು? ಮದುವೆ ಬೇಡ ಎಂದು ಹೇಳಿದ ಕಾನೂನು, ಓದು ಎಂದು ಹೇಳುವುದಿಲ್ಲ. ನಮ್ಮ ಪ್ರೌಢಶಾಲೆ ನಿಂತಿರುವುದು ಸರಿಯಾಗಿ ಈ ಕಂದಕದ ದಡದಲ್ಲಿ.

ನನ್ನ ಸೇವೆಯ ಒಂದು ದಿನದ ಸಂಗತಿ ಹೇಳುತ್ತೇನೆ. ಹನೂರಿನ ಕಾಡಂಚಿನ ಒಂದು ಹಳ್ಳಿಯಿಂದ 1098ಕ್ಕೆ ಕರೆ ಹೋಗಿತ್ತು. ಮಾಡಿದವಳು ಮದುಮಗಳ ತರಗತಿಯವಳೇ. ನಾವು ಹೋದಾಗ ಚಪ್ಪರ ಎದ್ದಿತ್ತು. ಹುಡುಗಿಗೆ ಹತ್ತೊಂಬತ್ತು ಎಂದರು. ಶಾಲೆಯ ದಾಖಲಾತಿ ಪುಸ್ತಕ ತರಿಸಿದೆವು, ಹದಿನಾರು. ಮದುವೆ ನಿಂತಿತು. ಎಲ್ಲ ಮುಗಿದು ಜೀಪು ಹತ್ತುವಾಗ ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡು ಕೇಳಿದರು: "ಮೇಡಂನೋರೇ, ನೀವು ಮದ್ವೆ ನಿಲ್ಲಿಸ್ಬುಟ್ಟು ಹೊಂಟೋಯ್ತೀರಿ. ನಾವು ಗಂಡ ಹೆಂಡ್ತಿ ತಿರುಪ್ಪೂರಿಗೆ ಕೂಲಿಗೆ ಹೋಗೋರು. ಇವಳ್ನ ಕಾಯೋರ್ಯಾರು? ಕಾಲೇಜು ಎಲ್ಲದೆ, ಬಸ್ಸು ಎಲ್ಲದೆ?"

ನನಗೆ ಉತ್ತರ ಬರಲಿಲ್ಲ. ಆ ತಾಯಿ ಕಾನೂನಿಗೆ ವಿರೋಧಿಯಲ್ಲ. ಮಗಳಿಗೆ ಒಂದು ಆಸರೆ ಬೇಕಿತ್ತು, ಆಕೆಗೆ ಗೊತ್ತಿದ್ದ ಆಸರೆ ಮದುವೆಯೊಂದೇ. ಟಿಕೆಟ್ಟು ಉಚಿತವಾದರೂ ಆ ಊರಿಗೆ ಬೆಳಗಿನ ಬಸ್ಸೇ ಇರಲಿಲ್ಲ.

ಮದುವೆ ನಿಲ್ಲಿಸುವುದು ಒಂದು ದಿನದ ಕೆಲಸ. ಪಿಯುಸಿ ಎರಡು ವರ್ಷದ ಕೆಲಸ. ಆಮೇಲೆ ಆ ಹುಡುಗಿಗೆ ಕೊಳ್ಳೇಗಾಲದಲ್ಲಿ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸೀಟು ಸಿಕ್ಕಿತು. ಅದಕ್ಕಾಗಿ ಜಾತಿ, ಆದಾಯ ಪ್ರಮಾಣಪತ್ರವೆಂದು ನಾಲ್ಕಾರು ಸಲ ಓಡಾಡಿದವರು ಅವಳ ಶಾಲೆಯ ಒಬ್ಬ ಶಿಕ್ಷಕಿ. ಹುಡುಗಿ ಮೊದಲ ಸಲ ಇಂಗ್ಲಿಷಿನಲ್ಲಿ ಫೇಲಾದಳು. ಎರಡನೇ ಸಲ ಪಾಸಾದಳು. ಈಗ ಅವಳ ಸಂಬಳದಲ್ಲಿ ತಮ್ಮ ಓದುತ್ತಿದ್ದಾನೆ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವನ್ನು ನೋಡಿ. ಡಾ. ಸುದರ್ಶನ್ ಅವರು 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಸೋಲಿಗರ ಮಕ್ಕಳಿಗೆ ಬೆಟ್ಟದ ಮೇಲೆಯೇ ಶಾಲೆಯಾಯಿತು, ಉಳಿಯಲು ಜಾಗವಾಯಿತು. ಓದು ಮಗುವಿನ ಹತ್ತಿರಕ್ಕೆ ಬಂದರೆ ಪೋಡಿನ ಹೆಣ್ಣುಮಗುವೂ ಓದುತ್ತದೆ. ದೂರವೇ ನಮ್ಮ ದೊಡ್ಡ ಶತ್ರು.

ಆದ್ದರಿಂದ ಈ ಸುವರ್ಣ ಮಹೋತ್ಸವದಲ್ಲಿ ಮೂರು ವಿನಂತಿಗಳು.

ಹಳೆಯ ವಿದ್ಯಾರ್ಥಿಗಳಲ್ಲಿ: ಕಮಾನು ಕಟ್ಟಿಸುವ ಮಾತು ನಡೆದಿದೆ, ಕಟ್ಟಿಸೋಣ. ಅದರ ಜೊತೆಗೆ, ಪ್ರತಿ ವರ್ಷ ಹತ್ತನೇ ತರಗತಿ ಮುಗಿಸುವ ಹೆಣ್ಣುಮಕ್ಕಳ ಪಟ್ಟಿ ಮಾಡಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಮಗುವಿನ ಹೊಣೆ ಹಂಚೋಣ. ಅವಳು ಪಿಯುಸಿಗೋ ಐಟಿಐಗೋ ಸೇರಿದ್ದಾಳೆ ಎಂದು ಖಾತ್ರಿಯಾಗುವವರೆಗೆ ಆ ಹೆಸರಿನ ಮುಂದೆ ಗುರುತು ಹಾಕುವುದು ಬೇಡ.

ಪಂಚಾಯಿತಿ ಸದಸ್ಯರಲ್ಲಿ: ಇಂದು ಪಂಚಾಯಿತಿಯ ಅರ್ಧ ಸ್ಥಾನಗಳು ಹೆಣ್ಣುಮಕ್ಕಳದ್ದು. ಅಕ್ಕಂದಿರೇ, ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರು ಬಸ್ಸು ಕೇಳಿದರೆ ನಡಾವಳಿಯಲ್ಲಿ ಬರೆಸಿ, ಡಿಪೋದವರೆಗೂ ಹಿಂಬಾಲಿಸಿ.

ಮಕ್ಕಳಲ್ಲಿ: ಹುಡುಗಿಯರೇ, 1098 ನೆನಪಿರಲಿ. ಗೆಳತಿಗಾಗಿ ಕರೆ ಮಾಡುವುದು ಚಾಡಿಯಲ್ಲ. ಅಪ್ಪನ ಆಸ್ತಿಯಲ್ಲಿ ನಿಮಗೂ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ದೇಶವೂ ಮಾಡಿತು. ನೀವು ಆ ಮನೆಗೆ ನಾಲ್ಕು ದಿನದ ನೆಂಟರಲ್ಲ. ಹುಡುಗರೇ, ಹುಳು ಹಣ್ಣಾದ ದಿನ ಅಕ್ಕತಂಗಿಯರ ಜೊತೆ ನೀವೂ ಚಂದ್ರಿಕೆ ಹಿಡಿಯಿರಿ. ಇಬ್ಬರೂ ಸೇರಿದರೆ ಕೆಲಸ ಬೇಗ ಮುಗಿದು, ಇಬ್ಬರೂ ಶಾಲೆಗೆ ಬರಬಹುದು.

ಕೊನೆಯದಾಗಿ, ಲೆಕ್ಕದಲ್ಲಿ ಮುಂದಿದ್ದ ನನ್ನ ಗೆಳತಿ ಈ ಸಭೆಯಲ್ಲೇ ಕುಳಿತಿದ್ದಾಳೆ. ಹೆಸರು ಹೇಳಬೇಡ ಎಂದಿದ್ದಾಳೆ, ಹೇಳುವುದಿಲ್ಲ. ಅವಳ ಮೊಮ್ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ನಿನ್ನೆ ಅವರ ಮನೆಗೆ ಹೋಗಿದ್ದಾಗ ಅಜ್ಜಿ ಮೊಮ್ಮಗಳಿಗೆ ಬಡ್ಡಿ ಲೆಕ್ಕ ಹೇಳಿಕೊಡುತ್ತಿದ್ದಳು. ಒಂದು ಕಡೆ ಮೊಮ್ಮಗಳು ತಪ್ಪಿದಳು, ಅಜ್ಜಿ ತಪ್ಪಲಿಲ್ಲ. ಆ ಮಗುವಿಗೆ ಈ ವರ್ಷ ಹದಿನಾಲ್ಕು ತುಂಬಿತು. ಮುಂದಿನ ನಾಲ್ಕು ವರ್ಷ ಅವಳ ಹೊಣೆ ನನ್ನದು ಎಂದು ಈ ವೇದಿಕೆಯಲ್ಲಿ ಮಾತು ಕೊಡುತ್ತೇನೆ. ಪಟ್ಟಿಯ ಮೊದಲ ಹೆಸರು ಅವಳದೇ ಇರಲಿ.